ಶಾರ್ಕ್ ಸಿಗ್ನಲ್ ನಿಂತರೆ ಮೊದಲು ಸಮುದ್ರ ನೋಡಿ

ಪಶ್ಚಿಮ ಆಸ್ಟ್ರೇಲಿಯಾದ ನಿಂಗಲೂ ರೀಫ್‌ನಲ್ಲಿ (ಹವಳದ ದಿಬ್ಬದಲ್ಲಿ) ರೀಫ್ ಶಾರ್ಕ್‌ಗಳ ಓಡಾಟ ಗಮನಿಸುವ ತಂಡದಲ್ಲಿ ಕೆಲಸ ಮಾಡಿದ್ದೇನೆ. ಶಾರ್ಕ್‌ನ ಹೊಟ್ಟೆಯೊಳಗೆ ಪುಟ್ಟ ಟ್ಯಾಗ್ ಇಟ್ಟು ಹೊಲಿಯುತ್ತೇವೆ. ಅದು ಆಗಾಗ 69 ಕಿಲೋಹರ್ಟ್ಸ್‌ನಲ್ಲಿ ಒಂದಷ್ಟು ಪಿಂಗ್‌ಗಳನ್ನು, ಅಂದರೆ ಚಿಕ್ಕ ಚಿಕ್ಕ ಶಬ್ದದ ಮಿಡಿತಗಳನ್ನು, ಸಾಲಾಗಿ ಕಳಿಸುತ್ತದೆ, ತಳದಲ್ಲಿ ಕಟ್ಟಿಟ್ಟ ರಿಸೀವರ್ ಅದನ್ನು ಕೇಳಿ ಟ್ಯಾಗ್ ನಂಬರು, ಸಮಯ ಬರೆದುಕೊಳ್ಳುತ್ತದೆ. ಆ ಸಾಲಿನಲ್ಲಿ ಒಂದು ಪಿಂಗ್ ತಪ್ಪಿದರೂ ನಂಬರು ಸಿಗಲ್ಲ. ತೊಂದರೆ ಶುರುವಾಗೋದು ಇಲ್ಲೇ: ದಾಖಲೆ ನಿಂತರೆ ಶಾರ್ಕ್ ಹೋಯಿತೋ, ಪಿಂಗ್ ಕೇಳಿಸಲಿಲ್ಲವೋ ಗೊತ್ತಾಗಲ್ಲ.

ಅದಕ್ಕೇ ರಿಸೀವರ್ ಇಳಿಸುವಾಗಲೇ ಗೊತ್ತಿರುವ ದೂರದಲ್ಲಿ ಇನ್ನೊಂದು ಟ್ಯಾಗನ್ನು ತೂಕಕ್ಕೆ ಕಟ್ಟಿ ಬಿಟ್ಟೆವು. ಅದು ಎಲ್ಲೂ ಈಜಿ ಹೋಗಲ್ಲ ಅಲ್ವಾ? ಅದರ ದಾಖಲೆಗಳ ಸಂಖ್ಯೆ ಯಾವುದೋ ಒಂದು ಗಂಟೆಯಲ್ಲಿ ಇಳಿದು ಮತ್ತೆ ಮೇಲೆದ್ದರೆ, ಆ ಗಂಟೆ ನೀರಿನಲ್ಲಿ ಏನೋ ಬದಲಾಗಿದೆ ಅಂತ ಅರ್ಥ.

ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನದ ಮೇಲೆ ದಕ್ಷಿಣದ ಗಾಳಿ ಜೋರು. ಅಲೆ ಒಡೆದಾಗ ಗಾಳಿಗುಳ್ಳೆಗಳು ನೀರಿನೊಳಗೆ ಇಳಿದು ಶಬ್ದವನ್ನು ಹೀರುತ್ತವೆ, ಚದುರಿಸುತ್ತವೆ. ಮೇಲಿಂದ ಅಲೆಯ ಗದ್ದಲ ಬೇರೆ. ಶಾರ್ಕ್ ದಾಖಲೆ ಇಳಿದ ಹೊತ್ತಿನಲ್ಲೇ ಕಟ್ಟಿಟ್ಟ ಟ್ಯಾಗ್‌ನದೂ ಇಳಿದಿದ್ದರೆ, ಶಾರ್ಕ್ ಜಾಗ ಬಿಟ್ಟಿತು ಅಂತ ಬರೆಯುವ ಹಕ್ಕು ನಮಗಿಲ್ಲ.

ಕತ್ತಲಾದರೆ ಇನ್ನೊಂದು ಕಾಟ. ರೀಫ್‌ನ ಸಂದುಗಳಲ್ಲಿರುವ ಪುಟ್ಟ ಸೀಗಡಿಗಳು ಕೊಂಡಿಯನ್ನು ಪಟ್ಟಂತ ಮುಚ್ಚುತ್ತವೆ, ಆಗ ಹುಟ್ಟುವ ಗುಳ್ಳೆ ಒಡೆದು ಸದ್ದಾಗುತ್ತದೆ. ಸಾವಿರಾರು ಸೀಗಡಿಗಳು ಸೇರಿದರೆ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ. ಈ ಸದ್ದು 69 ಕಿಲೋಹರ್ಟ್ಸ್ ದಾಟಿಯೂ ಹರಡಿರುವುದರಿಂದ ಪಿಂಗ್ ಅದರಲ್ಲಿ ಮುಳುಗಿಹೋಗುತ್ತದೆ.

ದಕ್ಷಿಣ ಆಸ್ಟ್ರೇಲಿಯಾದ ಸ್ಪೆನ್ಸರ್ ಕೊಲ್ಲಿಯ ದೈತ್ಯ ಕಟಲ್‌ಫಿಶ್‌ಗಳ (ಆಕ್ಟೋಪಸ್‌ನ ಸಂಬಂಧಿ ಕಡಲಜೀವಿಗಳ) ಬಗ್ಗೆ 2010ರಲ್ಲಿ ಬಂದ ಅಧ್ಯಯನವನ್ನು ಹೊಸಬರಿಗೆಲ್ಲ ಓದಿಸುತ್ತೇನೆ. ಕದಲದ ಟ್ಯಾಗ್‌ನ ಲೆಕ್ಕ ಸೇರಿಸಿದ ಮೇಲೆ ಅವುಗಳ ಹಗಲು-ರಾತ್ರಿಯ ಚಟುವಟಿಕೆಯ ಅರ್ಥವೇ ಬದಲಾಯಿತು. ನಾವೂ ಹಾಗೇ ಮಾಡಿದೆವು: ಪ್ರತಿ ಗಂಟೆ ಕಟ್ಟಿಟ್ಟ ಟ್ಯಾಗ್ ತನ್ನ ಸರಾಸರಿಗಿಂತ ಎಷ್ಟು ಪಟ್ಟು ಕೇಳಿಸಿತು ಅಂತ ನೋಡಿ, ಶಾರ್ಕ್ ದಾಖಲೆಯನ್ನು ಅದರಿಂದ ಭಾಗಿಸಿದೆವು. ಇದಿಲ್ಲದೆ ಬರೀ ದಾಖಲೆಗಳ ಗ್ರಾಫ್ ತೋರಿಸಿದರೆ ನಾನಂತೂ ನಂಬಲ್ಲ.

ರೀಫ್‌ನ ಹೊರಗಿನ ಆಳದಲ್ಲಿ ಮೇಲೆ ಬೆಚ್ಚಗಿನ ನೀರು, ಕೆಳಗೆ ತಣ್ಣೀರು ಇದ್ದರೆ ಶಬ್ದ ಬಾಗುತ್ತದೆ, ಪಿಂಗ್ ರಿಸೀವರ್ ತಲುಪದೆ ಹೋಗಬಹುದು. ಅಲ್ಲಿ ಉಷ್ಣತೆ ಅಳೆಯುವ ಲಾಗರ್‌ಗಳನ್ನು ಒಂದೇ ಹಗ್ಗಕ್ಕೆ ಬೇರೆ ಬೇರೆ ಆಳದಲ್ಲಿ ಕಟ್ಟಿ.

ಶಾಂತ ದಿನವನ್ನೂ ಸುಮ್ನೆ ನಂಬಬೇಡಿ. ಗಾಳಿಯಿಲ್ಲದಾಗ ನೀರಿನ ಮೇಲ್ಮೈ ಮತ್ತು ಕಲ್ಲಿನಿಂದ ಪ್ರತಿಧ್ವನಿ ಜೋರಾಗಿ ವಾಪಸ್ ಬಂದು ಪಿಂಗ್‌ಗಳ ಜೊತೆ ಬೆರೆಯುತ್ತದೆ, ತೀರಾ ಹತ್ತಿರದ ಟ್ಯಾಗೇ ಓದಲಾಗದೆ ಹೋಗಬಹುದು. ಹಾಗಾಗಿ ಪರೀಕ್ಷೆಗೆ ಕಟ್ಟಿಡುವ ಟ್ಯಾಗ್‌ಗಳನ್ನು ದೂರದಲ್ಲಷ್ಟೇ ಇಡಬೇಡಿ, ಒಂದನ್ನು ರಿಸೀವರ್ ಪಕ್ಕದಲ್ಲೇ ಕಟ್ಟಿ.