ನೆಟ್ ಹೋಯ್ತಾ? ಮೊದಲು ಪಿಂಗ್ ಮಾಡಿ ನೋಡಿ

ಎಲ್ಲರಿಗೂ ನಮಸ್ಕಾರ. ಮನೆಯ ಇಂಟರ್‌ನೆಟ್ ನಿಂತ ಕೂಡಲೇ ದಯವಿಟ್ಟು ರೂಟರ್‌ನ ರೀಸೆಟ್ ತೂತಿಗೆ ಪಿನ್ ಚುಚ್ಚಬೇಡಿ. ಸೆಟ್ಟಿಂಗ್ ಎಲ್ಲಾ ಅಳಿಸಿಹೋಗಿ ಸಣ್ಣ ತೊಂದರೆ ದೊಡ್ಡದಾಗುತ್ತೆ. ಫೈಬರ್ ಕನೆಕ್ಷನ್ ಆದರೆ ರೂಟರ್ ಮೇಲಿನ ಎಲ್‌ಒಎಸ್ (LOS, ಸಿಗ್ನಲ್ ಹೋಗಿದೆ ಎಂದು ತೋರಿಸುವ) ಲೈಟ್ ನೋಡಿ. ಅದು ಕೆಂಪಗೆ ಮಿನುಗುತ್ತಿದ್ದರೆ ಕೇಬಲ್‌ನಲ್ಲಿ ಸಿಗ್ನಲ್ಲೇ ಇಲ್ಲ, ಯಾವ ಸಾಫ್ಟ್‌ವೇರೂ ಸರಿಮಾಡಲ್ಲ, ನೇರ ಕಂಪ್ಲೇಂಟ್ ಕೊಡಿ.

ಲೈಟ್ ಸರಿಯಿದ್ದರೆ ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು ಐಪಿಕಾನ್ಫಿಗ್ (ipconfig) ಎಂದು ಟೈಪ್ ಮಾಡಿ ಎಂಟರ್ ಕೊಡಿ. ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರಿನ ನಂಬರ್ ವಿಳಾಸ) 169.254ರಿಂದ ಶುರುವಾದರೆ ಕಂಪ್ಯೂಟರಿಗೆ ರೂಟರ್‌ನಿಂದ ವಿಳಾಸವೇ ಸಿಕ್ಕಿಲ್ಲ ಅಂತ. ರೂಟರ್ ಆಫ್ ಮಾಡಿ ಆನ್ ಮಾಡಿ, ವೈಫೈ ಮತ್ತೆ ಕನೆಕ್ಟ್ ಮಾಡಿ. ವಿಳಾಸ ಸರಿಯಿದ್ದರೆ ಕೆಳಗಿರುವ ಡಿಫಾಲ್ಟ್ ಗೇಟ್‌ವೇಗೆ, ಅಂದರೆ ರೂಟರ್‌ನ ವಿಳಾಸಕ್ಕೆ, ಪಿಂಗ್ ಮಾಡಿ; ಎಷ್ಟೋ ಮನೆಗಳಲ್ಲಿ ಅದು 192.168.1.1. ಪಿಂಗ್ ಅಂದರೆ ping, ಸ್ಪೇಸ್, ಆ ವಿಳಾಸ ಟೈಪ್ ಮಾಡಿ ಅಲ್ಲಿಂದ ಉತ್ತರ ಬರುತ್ತಾ ಅಂತ ನೋಡುವುದು. ಉತ್ತರ ಬಂದರೆ ರೂಟರ್‌ವರೆಗೆ ದಾರಿ ಸರಿಯಿದೆ. ಆಮೇಲೆ ಹೊರಗಿನ ಇಂಟರ್‌ನೆಟ್‌ನಲ್ಲಿರುವ ಗೂಗಲ್ ಸರ್ವರ್ 8.8.8.8ಕ್ಕೆ ಪಿಂಗ್ ಮಾಡಿ. ಇಲ್ಲಿ 'ರಿಕ್ವೆಸ್ಟ್ ಟೈಮ್ಡ್ ಔಟ್' ಬಂದರೆ ತೊಂದರೆ ಬಹುಪಾಲು ರೂಟರ್‌ನಿಂದಾಚೆ.

ತುಂಬಾ ಜನ ಗೊಂದಲಕ್ಕೆ ಬೀಳುವುದು ಇಲ್ಲಿ: 8.8.8.8 ಉತ್ತರ ಕೊಡುತ್ತೆ, ಆದರೆ ಬ್ರೌಸರ್‌ನಲ್ಲಿ ಒಂದು ಸೈಟೂ ತೆರೆಯಲ್ಲ. ಹೆಚ್ಚಾಗಿ ಇದು ಡಿಎನ್‌ಎಸ್ ತೊಂದರೆ. ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್ ಕೈಕೊಟ್ಟಿರುತ್ತೆ. ವೈಫೈ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಅನ್ನು ಮ್ಯಾನ್ಯುಯಲ್ ಮಾಡಿ 8.8.8.8 ಅಥವಾ 1.1.1.1 ಹಾಕಿ, ಇವೆರಡೂ ಯಾರು ಬೇಕಾದರೂ ಬಳಸಬಹುದಾದ ಡಿಎನ್‌ಎಸ್ ಸರ್ವರ್‌ಗಳು. ಆಮೇಲೆ ಐಪಿಕಾನ್ಫಿಗ್, ಸ್ಪೇಸ್, ಸ್ಲ್ಯಾಶ್, ಫ್ಲಶ್‌ಡಿಎನ್‌ಎಸ್ (ipconfig /flushdns) ಎಂದು ಕೊಟ್ಟರೆ ಕಂಪ್ಯೂಟರ್ ಉಳಿಸಿಕೊಂಡಿದ್ದ ಸೈಟ್ ವಿಳಾಸಗಳ ಹಳೆಯ ನೆನಪು ಅಳಿಯುತ್ತೆ.

'ಇಂಟರ್‌ನೆಟ್ ರಿಪೇರಿ' ಅಂತ ಸಿಗುವ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಬೇಡಿ. ವಿಂಡೋಸ್‌ನಲ್ಲಿರುವ ಇಷ್ಟೇ ಸಾಕು. ಕಸ್ಟಮರ್ ಕೇರ್‌ಗೆ ಫೋನ್ ಮಾಡುವ ಮೊದಲು ಪಿಂಗ್ ಫಲಿತಾಂಶದ ಫೋಟೋ ತೆಗೆದಿಟ್ಟುಕೊಳ್ಳಿ.