ಮಾತು ಬಾರದ ಮಗುವಿಗೆ ‘ಬೇಕು’, ‘ಸಾಕು’ ಎನ್ನಲು ಕಲಿಸುವ ಬಗೆ

ಇನ್ನೂ ಮಾತು ಬಾರದ ಆಟಿಸಂ ಮಗು ಫ್ರಿಜ್ ಮುಂದೆ ನಿಂತು ಕಿರುಚುತ್ತದೆ, ತಡೆಯಲು ಹೋದವರನ್ನು ಕಚ್ಚುತ್ತದೆ. ಈ ಹಟ ಬಿಡಿಸುವುದು ಹೇಗೆ ಎಂದು ಮನೆಯವರು ಕೇಳುತ್ತಾರೆ. ಆದರೆ ಒಳಗಿರುವ ಮೊಸರು ಬೇಕು ಎಂದು ತಿಳಿಸಲು ಆ ಮಗುವಿಗೆ ಬೇರೆ ದಾರಿಯೇ ಇಲ್ಲ. ಕಿರುಚಿದಾಗೆಲ್ಲ ಮೊಸರು ಸಿಕ್ಕಿದೆ, ಹಾಗಾಗಿ ಕಿರುಚುವುದೇ ಅದರ ಮಾತಾಗಿದೆ. ಬೇಕಾದ ನಡವಳಿಕೆಗೆ ತಕ್ಷಣ ಫಲ ಕೊಟ್ಟು ಕಲಿಸುವ ವರ್ತನಾ ಚಿಕಿತ್ಸೆಯ ಕೆಲಸವನ್ನು ಮನೆಯಲ್ಲಿ ಶುರು ಮಾಡುವವರು ಕಿರುಚಾಟ ನಿಲ್ಲಿಸಲು ಹೊರಡುವ ಮುಂಚೆ ಕೇಳುವುದನ್ನು ಕಲಿಸಬೇಕು. ಇದ್ದಕ್ಕಿದ್ದಂತೆ ಹೊಸದಾಗಿ ಶುರುವಾದ ಕಿರುಚಾಟವಾದರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ: ಕಿವಿನೋವು, ಹಲ್ಲುನೋವು, ಮಲಬದ್ಧತೆ ಇದ್ದರೂ ಮಗು ಹೇಳಲಾರದು.

ಕೇಳಲು ಕಲಿಸುವುದಕ್ಕೆ ಚಿತ್ರದ ಕಾರ್ಡ್ ಒಳ್ಳೆಯ ಸಾಧನ. 1985ರಲ್ಲಿ ಅಮೆರಿಕದ ಡೆಲವೇರ್‌ನಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದ, ಚಿತ್ರ ಕೊಟ್ಟು ಬೇಕಾದ್ದನ್ನು ಕೇಳುವ ‘ಪೆಕ್ಸ್’ ಪದ್ಧತಿಯ ಮೊದಲ ಹಂತಗಳನ್ನು ಮನೆಯಲ್ಲೇ ನಡೆಸಬಹುದು. ಕಾರ್ಡ್ ಹಿಡಿಸಿದರೆ ಮಗು ಮಾತೇ ಕಲಿಯುವುದಿಲ್ಲ ಎಂದು ಅಜ್ಜಿ ತಾತ ಹೆದರುವುದುಂಟು. ಆ ಭಯಕ್ಕೆ ಆಧಾರವಿಲ್ಲ. ಕಾರ್ಡಿನ ಜೊತೆಗೆ ಪದ ಆಡತೊಡಗುವ ಮಕ್ಕಳೂ ಇದ್ದಾರೆ, ಆಡದವರಿಗೂ ಕೇಳುವ ದಾರಿಯೊಂದು ಸಿಕ್ಕಿರುತ್ತದೆ.

ಮೊದಲು ಮಗುವಿಗೆ ನಿಜಕ್ಕೂ ಏನು ಇಷ್ಟ ಎಂದು ನೋಡಿ. ತಿನಿಸು, ಆಟಿಕೆ, ಸೋಪಿನ ಗುಳ್ಳೆ ಹೀಗೆ ಆರು ವಸ್ತು ಆರಿಸಿ, ಎರಡೆರಡನ್ನು ಒಂದಡಿ ಅಂತರದಲ್ಲಿ ಹಿಡಿದು ತೋರಿಸಿ, ಕೈ ಚಾಚಿದ್ದನ್ನು ಗುರುತು ಹಾಕಿಕೊಳ್ಳಿ. ಆರು ವಸ್ತುವಿಗೆ 15 ಜೋಡಿ ಆಗುತ್ತವೆ. ಎಡ ಬಲ ಬದಲಿಸುತ್ತಿರಿ, ಏಕೆಂದರೆ ಕೆಲವು ಮಕ್ಕಳು ಯಾವಾಗಲೂ ಒಂದೇ ಕಡೆಯದನ್ನು ಎತ್ತಿಕೊಳ್ಳುತ್ತಾರೆ. ಹೆಚ್ಚು ಸಲ ಆರಿಸಿದ್ದರಿಂದ ಪಾಠ ಶುರು ಮಾಡಿ. ತಿನಿಸಾದರೆ ಒಂದು ಬಿಸ್ಕತ್ತನ್ನು ಎಂಟು ಚೂರು ಮಾಡಿ. ಇಡಿಯದು ಕೊಟ್ಟರೆ ಎರಡೇ ಸಲಕ್ಕೆ ಆಸೆ ತೀರುತ್ತದೆ. ಪಾಠಕ್ಕಾಗಿ ಊಟ ತಪ್ಪಿಸುವುದು, ಮಗುವನ್ನು ಹಸಿದಿರಿಸುವುದು ಬೇಡವೇ ಬೇಡ.

ಕಾರ್ಡ್ 5 ಸೆಂ.ಮೀ. ಚೌಕ ಇದ್ದರೆ ಸಾಕು. ನಿಮ್ಮ ಮನೆಯಲ್ಲಿರುವ ಅದೇ ವಸ್ತುವನ್ನು ಬಿಳಿ ಹಾಳೆಯ ಮೇಲಿಟ್ಟು ಮೊಬೈಲಿನಲ್ಲಿ ಫೋಟೊ ತೆಗೆದು, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಲ್ಯಾಮಿನೇಟ್ ಮಾಡಿಸಿ, ಹಿಂದೆ ವೆಲ್ಕ್ರೊ ಅಂಟಿಸಿ. ಕೆಳಗೆ ಒಂದೇ ಪದ ಬರೆದಿಡಿ. ಅಮ್ಮ ಹಾಲು ಎಂದು, ಅಪ್ಪ ಮಿಲ್ಕ್ ಎಂದು ಹೇಳುವ ಬದಲು ಎಲ್ಲರೂ ಬರೆದಿರುವ ಆ ಪದವನ್ನೇ ಬಳಸಲಿ.

ಮಗು ಆರಿಸಿದ್ದು ಸೋಪಿನ ಗುಳ್ಳೆ ಎನ್ನಿ. ಈಗ ಇಬ್ಬರು ಬೇಕು. ಒಬ್ಬರು ಮಗುವಿನ ಎದುರು, ಇನ್ನೊಬ್ಬರು ಬೆನ್ನ ಹಿಂದೆ. ಎದುರಿನವರು ಒಂದು ಸಲ ಸುಮ್ಮನೆ ಗುಳ್ಳೆ ಊದಿ, ಬಾಟಲಿ ಕೈಯಲ್ಲೇ ಹಿಡಿದು ಕಾಯುತ್ತಾರೆ. ನಡುವೆ ಒಂದೇ ಕಾರ್ಡ್. ಮಗು ಬಾಟಲಿಗೆ ಕೈ ಚಾಚಿದ ಕೂಡಲೇ ಹಿಂದಿನವರು ಆ ಕೈಯನ್ನು ಮೆತ್ತಗೆ ಹಿಡಿದು ಕಾರ್ಡ್ ಎತ್ತಿಸಿ, ಎದುರಿನವರ ಅಂಗೈಗೆ ಹಾಕಿಸುತ್ತಾರೆ. ಕಾರ್ಡ್ ಅಂಗೈ ಮುಟ್ಟಿದ ಅರ್ಧ ಸೆಕೆಂಡಿನಲ್ಲೇ ‘ಗುಳ್ಳೆ!’ ಎಂದು ಊದಬೇಕು. ತಡವಾದರೆ ಕಾರ್ಡಿಗೂ ಗುಳ್ಳೆಗೂ ಇರುವ ಸಂಬಂಧ ಮಗುವಿಗೆ ಹೊಳೆಯುವುದಿಲ್ಲ. ಮಗು ಕೈ ಕೊಸರಿಕೊಂಡರೆ ಬಲವಂತ ಬೇಡ, ಅಲ್ಲಿಗೇ ಬಿಡಿ. ಅದು ಕೈ ಚಾಚದೆ ಪಾಠವೇ ಇಲ್ಲ.

ಹೆಚ್ಚು ಜನ ಎಡವುವುದು ಇಲ್ಲೇ. ಎದುರಿನವರು ‘ಏನು ಬೇಕು ಪುಟ್ಟ?’, ‘ಕಾರ್ಡ್ ಕೊಡು’ ಎನ್ನುತ್ತಾರೆ. ಹಿಂದಿನವರೂ ‘ತಗೋ, ತಗೋ’ ಎಂದು ಪಿಸುಗುಡುತ್ತಾರೆ. ಮಗು ಆಗ ಕಲಿಯುವುದು ‘ಯಾರಾದರೂ ಕೇಳಿದರೆ ಕಾರ್ಡ್ ಕೊಡಬೇಕು’ ಎಂಬುದನ್ನು. ಆಮೇಲೆ ಹಸಿವಾದರೂ ಬಾಯಾರಿದರೂ ಯಾರಾದರೂ ಕೇಳಲಿ ಎಂದು ಕಾಯುತ್ತ ಕೂರುತ್ತದೆ. ಕಾರ್ಡ್ ಕೈಗೆ ಬರುವ ತನಕ ಇಬ್ಬರೂ ಮೌನ. ಹಿಂದಿನವರಂತೂ ಪೂರ್ತಿ ಮೌನ, ಅವರು ಹೊಗಳುವುದೂ ಬೇಡ.

ಸಹಾಯವನ್ನು ಕೊನೆಯಿಂದ ಕಡಿಮೆ ಮಾಡುತ್ತ ಬನ್ನಿ. ಮೊದಲು ಅಂಗೈಗೆ ಹಾಕುವುದನ್ನು ಮಗುವಿಗೇ ಬಿಡಿ, ಬಳಿಕ ಚಾಚುವುದನ್ನು, ಕಟ್ಟಕಡೆಗೆ ಎತ್ತುವುದನ್ನು. ಎದುರಿನವರ ತೆರೆದ ಅಂಗೈ ಕೂಡ ಒಂದು ಸುಳಿವೇ. ಅದನ್ನು ಎರಡು ಮೂರು ಸೆಕೆಂಡು ತಡವಾಗಿ ಚಾಚುತ್ತ ಹೋಗಿ. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ನಾಲ್ಕೈದು ಸಲ ನಡೆಸಿ. ಹತ್ತರಲ್ಲಿ ಎಂಟು ಸಲ ಸಹಾಯವಿಲ್ಲದೆ ಕೊಟ್ಟರೆ ಮುಂದಕ್ಕೆ ಹೋಗಿ.

ಮುಂದಿನದು ದೂರ. ಎದುರಿನವರು ಒಂದೊಂದೇ ಅಡಿ ಹಿಂದೆ ಸರಿಯುತ್ತ ಅಡುಗೆಮನೆ ತನಕ ಹೋಗಲಿ. ಕಾರ್ಡ್‌ಗಳನ್ನು ಅಂಟಿಸಿಟ್ಟ ಫೈಲನ್ನೂ ಮಗುವಿನಿಂದ ಸ್ವಲ್ಪ ದೂರದಲ್ಲಿ, ಅದರ ಎತ್ತರಕ್ಕೆ ನೇತುಹಾಕಿ. ಅಮ್ಮ, ಅಪ್ಪ, ಅಕ್ಕ ಎಲ್ಲರೂ ಸರದಿಯಂತೆ ಎದುರಿಗೆ ಕೂರಬೇಕು. ಈ ಹಂತ ಹಾರಿಸಿದರೆ ಮಗು ಆ ಮೇಜಿನಲ್ಲಿ, ಆ ಒಬ್ಬರನ್ನು ಮಾತ್ರ ಕೇಳುತ್ತದೆ.

ಆಮೇಲೆ ಎರಡು ಕಾರ್ಡ್: ಒಂದು ಗುಳ್ಳೆ, ಇನ್ನೊಂದು ಬೇಡದ ವಸ್ತು, ಕಾಲುಚೀಲ ಎನ್ನಿ. ಕಾಲುಚೀಲದ ಕಾರ್ಡ್ ಕೊಟ್ಟರೆ ಕಾಲುಚೀಲವನ್ನೇ ಕೊಡಿ. ಮಗು ಅದನ್ನು ತಳ್ಳಿದಾಗ ಸರಿಯಾದ ಕಾರ್ಡನ್ನು ಬೆರಳಿನಿಂದ ತೋರಿಸಿ ಕೊಡಿಸಿಕೊಂಡು ಶಭಾಶ್ ಎನ್ನಿ, ಆದರೆ ಗುಳ್ಳೆ ಊದಬೇಡಿ. ಚಪ್ಪಾಳೆ ತಟ್ಟಿಸುವಂಥ ಬೇರೊಂದು ಸಣ್ಣ ಕೆಲಸ ಮಾಡಿಸಿ, ಮತ್ತೆ ಎರಡೂ ಕಾರ್ಡ್ ಇಡಿ. ಈ ಸಲ ತಾನಾಗಿ ಸರಿಯಾದದ್ದು ಕೊಟ್ಟರೆ ತಕ್ಷಣ ಊದಿ. ತಿದ್ದಿದ ಮರುಗಳಿಗೆಯೇ ಊದಿಬಿಟ್ಟರೆ ‘ಮೊದಲು ತಪ್ಪು, ಆಮೇಲೆ ಸರಿ’ ಎಂಬುದೇ ಕ್ರಮ ಎಂದು ಮಗು ಕಲಿಯುತ್ತದೆ. ಇದು ಗಟ್ಟಿಯಾದ ಮೇಲೆ ವೆಲ್ಕ್ರೊ ಅಂಟಿಸಿದ ಉದ್ದ ರಟ್ಟಿನ ಪಟ್ಟಿಯಲ್ಲಿ ವಸ್ತುವಿನ ಕಾರ್ಡ್, ಅದರ ಬಲಕ್ಕೆ ‘ಬೇಕು’ ಕಾರ್ಡ್ ಜೋಡಿಸಿ ಕೊಡಲು ಕಲಿಸಬಹುದು.

ಎಲ್ಲ ಕಿರುಚಾಟವೂ ‘ಬೇಕು’ ಅಲ್ಲ. ಒಂದು ವಾರ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಬರೆಯಿರಿ: ಮುಂಚೆ ಏನು ನಡೆಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಬ್ರಷ್ ಕಂಡ ಕೂಡಲೇ ಕಿರುಚಿ, ಬ್ರಷ್ ಪಕ್ಕಕ್ಕಿಟ್ಟ ಕೂಡಲೇ ಸುಮ್ಮನಾದರೆ ಅದು ತಪ್ಪಿಸಿಕೊಳ್ಳುವ ದಾರಿ. ಅದಕ್ಕೆ ‘ಸಾಕು’ ಕಾರ್ಡ್ ಕೊಡಿ. ಮುಖ ತಿರುಗಿಸುವ, ತುಟಿ ಬಿಗಿಯುವ ಹೊತ್ತಿಗೇ, ಅಂದರೆ ಕಿರುಚುವ ಮೊದಲೇ, ಕಾರ್ಡ್ ಕೊಡಿಸಿಕೊಂಡು ಬ್ರಷ್ ಕೆಳಗಿಡಿ. ಒಂದು ನಿಮಿಷ ಬಿಟ್ಟು ಮತ್ತೆ ಎರಡೇ ಉಜ್ಜು. ಹೀಗೆ ಕಿರುಚಾಟದ ಜಾಗಕ್ಕೆ ಕೇಳುವ ದಾರಿ ಕೂರಿಸುವ ವಿಧಾನವನ್ನು ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲಿ ಪ್ರಕಟಿಸಿದರು.

ಕಾರ್ಡ್ ಚೆನ್ನಾಗಿ ಬಂದ ಮೇಲಷ್ಟೇ ಕಿರುಚಾಟಕ್ಕೆ ಮೊಸರು ಕೊಡುವುದನ್ನು ನಿಲ್ಲಿಸಿ. ಆಗ ಕಿರುಚಾಟ ಮೊದಲು ಹೆಚ್ಚಾಗುವ ಸಾಧ್ಯತೆ ಇದೆ. ಅರ್ಧ ಗಂಟೆ ಕಿರುಚಿದ ಮೇಲೆ ಮನೆಯವರಲ್ಲಿ ಒಬ್ಬರು ಸೋತು ಕೊಟ್ಟರೆ, ಅರ್ಧ ಗಂಟೆ ಕಿರುಚಬೇಕು ಎಂಬ ಪಾಠವಾಗುತ್ತದೆ. ಮೊದಲೇ ಎಲ್ಲರೂ ಕೂತು ಮಾತಾಡಿ ಒಪ್ಪಿಕೊಳ್ಳಿ. ತಲೆ ಚಚ್ಚಿಕೊಳ್ಳುವ, ಗಾಯ ಮಾಡಿಕೊಳ್ಳುವ ಮಗುವಿಗೆ ಇದನ್ನು ನೀವಾಗಿ ಮಾಡಬೇಡಿ, ತಜ್ಞರು ಜೊತೆಗಿರಲಿ.

ಕೈ ಆಡಿಸುವುದು, ತೂಗಾಡುವುದು ಯಾರಿಗೂ ನೋವು ಮಾಡದಿದ್ದರೆ ಬಿಟ್ಟುಬಿಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡು ಎಂದು ಗಲ್ಲ ಹಿಡಿಯಬೇಡಿ. ಅಮೆರಿಕದಲ್ಲಿ ವರ್ತನಾ ಚಿಕಿತ್ಸೆಯ ಆರಂಭದ ವರ್ಷಗಳಲ್ಲಿ ಮಕ್ಕಳಿಗೆ ಏಟು ಕೊಟ್ಟದ್ದೂ ಉಂಟು. ಏಟಿನ ಮಾತಾಡುವ, ಬಾಗಿಲು ಹಾಕಿ ತಂದೆತಾಯಿಯನ್ನು ಹೊರಗೆ ಕೂರಿಸುವ ಸೆಂಟರ್ ಇವತ್ತಿಗೂ ಸಿಕ್ಕರೆ ಮಗುವನ್ನು ಕರೆದುಕೊಂಡು ಎದ್ದು ಬನ್ನಿ.

ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ಜಿಲ್ಲಾಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ (ಡಿಇಐಸಿ) ಇದೆಯೇ ಎಂದೂ ವಿಚಾರಿಸಿ. ಖಾಸಗಿ ಸೆಂಟರಿಗೆ ಹೋಗುವುದಾದರೆ ಮನಶ್ಶಾಸ್ತ್ರಜ್ಞರು, ವಾಕ್ ತಜ್ಞರು, ವಿಶೇಷ ಶಿಕ್ಷಕರು ಇವರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ನಡೆಸುವ ನಿರಾಮಯ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದ್ದು, ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲು ಇದೆ. ಅರ್ಜಿ ಹಾಕಲು ಅಂಗವೈಕಲ್ಯ ಪ್ರಮಾಣಪತ್ರ ಬೇಕು.