ಮೊದಲು ಕೀರ್ದಿ, ಆಮೇಲೆ ಕವಿತೆ: ನನ್ನ ಅನುಭವ

ನನ್ನ ಎರಡನೇ ಸಂಕಲನದ ಪ್ರತಿಗಳೆಲ್ಲ ಖಾಲಿಯಾಗಿವೆ. ಮರುಮುದ್ರಣಕ್ಕೆ ಕೊಟ್ಟಿದ್ದೇನೆ. ಈ ಮಾತನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ದಿನದ ಸಂಗತಿಗಳನ್ನು ಮೊದಲು ಅಂಗಡಿಯ ಕೀರ್ದಿಯ, ಅಂದರೆ ದಿನದ ಲೆಕ್ಕದ ಪುಸ್ತಕದ ಹಾಗೆ ಬರೆದಿಟ್ಟು, ಆಮೇಲೆ ಅದರಿಂದ ಕವಿತೆ ಮಾಡುವ ರೀತಿಗೆ ನಾನು ಬದಲಾದಾಗ ವಿಜಯಪುರದ ನಮ್ಮ ಕವಿ ಗೆಳೆಯರಲ್ಲಿ ಒಬ್ಬರೂ ಒಪ್ಪಿರಲಿಲ್ಲ. ಒಬ್ಬ ಹಿರಿಯರು ಚಹಾದಂಗಡಿಯಲ್ಲಿ ಎಲ್ಲರ ಮುಂದೆಯೇ ಅಂದಿದ್ದರು: "ತಮ್ಮಾ, ಕವಿತಾ ಅಂದ್ರ ಅಡತಿ ಅಂಗಡಿ ಲೆಕ್ಕ ಅಲ್ಲೋ. ಸಿಟ್ಟು ಹೋತಂದ್ರ ಕವಿನೂ ಹೋದ ತಿಳಿ." ಈಗ ಅವರೇ ನನ್ನ ವಹಿ, ಅಂದರೆ ಆ ಪುಸ್ತಕ ತೋರಿಸು ಅಂತ ಕೇಳುತ್ತಾರೆ. ತೋರಿಸಿದ್ದೇನೆ, ಪೂರ್ತಿ ಅಲ್ಲ.

ನಾನು ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಒಣದ್ರಾಕ್ಷಿ, ಅಂದರೆ ನಮ್ಮ ಕಡೆಯ ಮಣೂಕದ ವ್ಯಾಪಾರ. ಮೊದಲ ಸಂಕಲನ ಪೂರ್ತಿ ಸಿಟ್ಟಿನಿಂದ ಹುಟ್ಟಿದ್ದು. ಹೊಲದ ಪಾಲಿನ ಜಗಳದಲ್ಲಿ ಅಣ್ಣನ ಜೊತೆ ಮಾತು ನಿಂತು ಏಳೆಂಟು ವರ್ಷ ಆಗಿತ್ತು. 'ಒಡ್ಡು' (ಹೊಲದ ಬದು) ಅನ್ನೋ ನನ್ನ ಪದ್ಯ ಆ ಜಗಳದ್ದೇ. ಗೋಷ್ಠಿಗಳಲ್ಲಿ ಜನ ಅದನ್ನೇ ಕೇಳುತ್ತಿದ್ದರು. ನಾನು ಓದಿದರೆ ಚಪ್ಪಾಳೆ ನಿಲ್ಲುತ್ತಿರಲಿಲ್ಲ.

ಆಮೇಲೆ ಅವ್ವನಿಗೆ ಲಕ್ವಾ ಹೊಡೆಯಿತು. ಹೆಂಡತಿಗೆ ಮುದ್ದೇಬಿಹಾಳದ ಕಡೆ ವರ್ಗ ಆಯಿತು. ವಾರಕ್ಕೊಮ್ಮೆ ಬರುತ್ತಾಳೆ. ರೊಟ್ಟಿ ಬಡಿಯುವುದರಿಂದ ಹಿಡಿದು ಅವ್ವನ ಸ್ನಾನದವರೆಗೆ ಎಲ್ಲ ನನ್ನ ಪಾಲಿಗೆ ಬಂತು. ಒಂದು ರಾತ್ರಿ ಅಣ್ಣ ತಾನಾಗಿಯೇ ಬಂದ. ಏನೂ ಮಾತಾಡಲಿಲ್ಲ. ಅವ್ವನ ಕಾಲ ಹತ್ತಿರ ಕೂತ. ಅಲ್ಲಿಂದ ಒಂದು ರಾತ್ರಿ ಅವನು, ಒಂದು ರಾತ್ರಿ ನಾನು ಅಂತಾಯಿತು. ಹೊಲದ ಮಾತು ಇಬ್ಬರೂ ಎತ್ತಲಿಲ್ಲ.

ಆಮೇಲಿನ ಗೋಷ್ಠಿಯಲ್ಲಿ 'ಒಡ್ಡು' ಓದಿ ಅಂದಾಗ ನನ್ನಿಂದ ಆಗಲಿಲ್ಲ. ಪದ್ಯ ಚೆನ್ನಾಗಿಯೇ ಇದೆ. ಅದನ್ನು ಬರೆದವನು ಮಾತ್ರ ಈಗ ಇಲ್ಲ. ಬೇರೆ ಪದ್ಯ ಓದಿದೆ, ಸಭೆ ತಣ್ಣಗಿತ್ತು. ಕರೆಗಳು ಕಡಿಮೆಯಾದವು. ವರ್ಷಕ್ಕೆ ಹತ್ತು ಹನ್ನೆರಡು ಬರುತ್ತಿದ್ದದ್ದು ಎರಡು ಮೂರಕ್ಕೆ ಇಳಿಯಿತು. ಅದರಿಂದ ದುಡ್ಡಿನ ನಷ್ಟ ಆಗಲಿಲ್ಲ ಬಿಡಿ. ಶಾಲು, ಹಾರ, ನೆನಪಿನ ಕಾಣಿಕೆ ಕೊಟ್ಟು ಬಸ್ ಚಾರ್ಜು ಮರೆಯುವವರೇ ಜಾಸ್ತಿ. ಬೆಂಗಳೂರಿಗೆ ಹೋಗಿ ಬಂದರೆ ಎರಡು ಸಾವಿರ ಕೈಯಿಂದಲೇ ಹೋಗುತ್ತಿತ್ತು. ಆದರೆ ಬರವಣಿಗೆಯೂ ನಿಂತಿತ್ತು. ಅದು ಬಹಳ ಕಾಡಿತು.

ಬೇಕಾದಷ್ಟು ಪ್ರಯತ್ನ ಮಾಡಿದೆ. ಬೆಳಗಿನ ನಾಲ್ಕಕ್ಕೆ ಏಳುವ ಉಪಾಯ ಎಲ್ಲರೂ ಹೇಳುತ್ತಾರೆ. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಹಾಗಿದ್ದ ಮನೆಯಲ್ಲಿ ನಾಲ್ಕು ಗಂಟೆಗೆ ಬೇಕಾಗುವುದು ನಿದ್ದೆ, ಪೆನ್ನಲ್ಲ. ಮೊಬೈಲಿಗೆ ಹೇಳಿ ಇಡುವುದನ್ನು ಮಾಡಿ ನೋಡಿದೆ. ತಿರುಗಿ ಕೇಳಿದರೆ ಪ್ರತಿಯೊಂದರಲ್ಲೂ ನನ್ನ ಧ್ವನಿ ಭಾಷಣದ ಹಾಗೆ. ಹದಿನಾಲ್ಕು ಸಾವಿರಕ್ಕೆ ಹಳೇ ಲ್ಯಾಪ್‌ಟಾಪ್ ಕೊಂಡೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಯುನಿಕೋಡಿಗೆ ಹೋಗುವಾಗ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. ಅದು ಈಗ ಅಣ್ಣನ ಮಗಳ ಓದಿಗೆ ಇದೆ.

ಎಲ್ಲಕ್ಕಿಂತ ದುಬಾರಿ ಬಿದ್ದದ್ದು ಬಾದಾಮಿ. ಅಂಗಡಿಗೆ ರಜೆ ಹಾಕಿ, ಅಣ್ಣನಿಗೆ ಅವ್ವನ ಜವಾಬ್ದಾರಿ ಕೊಟ್ಟು, ಅಲ್ಲಿ ಲಾಡ್ಜ್ ಹಿಡಿದೆ. ದಿನಕ್ಕೆ ಒಂಬೈನೂರರ ಹತ್ತಿರ. ಊಟ, ಓಡಾಟ ಸೇರಿ ಐದು ಸಾವಿರ ಮುಟ್ಟಿತು. ಒಂದು ಸಾಲೂ ಬರಲಿಲ್ಲ. ಆದರೆ ಕೆರೆಯ ಆಚೆ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನದ ಮುಂದೆ ಬಹಳ ಹೊತ್ತು ನಿಂತೆ. ಕ್ರಿ.ಶ. 700ರ ಆಸುಪಾಸಿನದು. ತ್ರಿಪದಿಗೆ, ಅಂದರೆ ಮೂರು ಸಾಲಿನ ಪದ್ಯಕ್ಕೆ, ನಮಗೆ ಸಿಕ್ಕ ಹಳೆಯ ಪುರಾವೆ ಅಂತ ಎಲ್ಲರೂ ಓದಿರುತ್ತೀರಿ. ನಾನು ಅವತ್ತು ನೋಡಿದ್ದು ಬೇರೆ. ಒಳ್ಳೆಯವರಿಗೆ ಒಳ್ಳೆಯವ, ಬಾಧಿಸುವ ಕಲಿಗೆ ಕಲಿಯುಗ ವಿಪರೀತ. ಎರಡನ್ನೂ ಒಬ್ಬನೇ ಮನುಷ್ಯನ ಬಗ್ಗೆ ಪಕ್ಕಪಕ್ಕ ಇಟ್ಟಿದ್ದಾರೆ. ಅವನು ಮೊದಲು ಹಾಗಿದ್ದ, ಆಮೇಲೆ ಹೀಗಾದ ಅಂತ ವಿವರಣೆ ಇಲ್ಲ. ನಾನೋ ವರ್ಷದಿಂದ ಬರೀ ಆ ವಿವರಣೆಯನ್ನೇ ಬರೆಯಲು ಒದ್ದಾಡುತ್ತಿದ್ದೆ.

ಊರಿಗೆ ಬಂದ ಮೇಲೆ ಅಂಗಡಿಯ ಪದ್ಧತಿಯನ್ನೇ ಮನೆಗೆ ತಂದೆ. ವ್ಯಾಪಾರ ಮೊದಲು ರೋಜ ಕೀರ್ದಿಗೆ ಬೀಳುತ್ತದೆ. ಯಾರು ತಂದರು, ಎಷ್ಟು ತೂಕ, ಎಷ್ಟು ದರ. ಅಲ್ಲಿ ಅಭಿಪ್ರಾಯಕ್ಕೆ ಜಾಗ ಇಲ್ಲ. ಆಮೇಲೆ ಅದು ಅವರವರ ಖಾತೆಗೆ ಏರುತ್ತದೆ. ಅವರ ಸ್ಥಿತಿ ಏನು ಅಂತ ತಿಳಿಯುವುದು ಆವಾಗ. ನಾನೂ ಕೆಂಪು ಬಟ್ಟೆ ರಟ್ಟಿನ ಉದ್ದ ವಹಿ ತಂದೆ. ನೂರೈವತ್ತೋ ನೂರೆಂಬತ್ತೋ ಕೊಟ್ಟ ನೆನಪು. ದೀಪಾವಳಿ ಪಾಡ್ಯದ ದಿನ ಅಂಗಡಿಯ ವಹಿಗಳ ಜೊತೆಗೇ ಪೂಜೆಗೆ ಇಟ್ಟೆ.

ರಾತ್ರಿ ಅಂಗಡಿ ಬಾಗಿಲು ಹಾಕುವ ಮುಂಚೆ ಐದಾರು ಸಾಲು, ಅಷ್ಟೇ. 'ಅವ್ವ ಎಡಗೈ ಎತ್ತಿದಳು. ಅಣ್ಣ ಎಮ್ಮೆ ಹಾಲು ತಂದ, ದುಡ್ಡು ತಗೊಳ್ಳಲಿಲ್ಲ.' ಹೀಗೆ. ಮನಸ್ಸಿಗೆ ಏನನ್ನಿಸಿತು ಅನ್ನೋದು ಬರೆಯಬಾರದು. ನಾನು ಬದಲಾದೆ, ಬೆಳೆದೆ ಅನ್ನೋ ಮಾತಂತೂ ಬರಲೇಬಾರದು. ಯಾಕೆಂದರೆ ಬದಲಾಗುತ್ತಿರುವಾಗ ಅದರ ಬಗ್ಗೆ ಕವಿತೆ ಬರೆದರೆ ಎರಡೂ ಕೆಡುತ್ತವೆ. ಕವಿತೆಯಲ್ಲಿ ಚೆನ್ನಾಗಿ ಕಾಣುವ ಮಾತಿಗೆ ನಾವು ಬದುಕನ್ನು ಹೊಂದಿಸಲು ಶುರು ಮಾಡುತ್ತೇವೆ. ಅಣ್ಣನ ಜೊತೆ ರಾಜಿಯಾದ ಮೊದಲ ತಿಂಗಳಲ್ಲೇ ಅದನ್ನು ಪದ್ಯ ಮಾಡಿ ಪತ್ರಿಕೆಗೆ ಕೊಟ್ಟಿದ್ದರೆ ಅವನ ಮುಖ ನೋಡಲು ನನಗೆ ಕಷ್ಟ ಆಗುತ್ತಿತ್ತು.

ಬರೆದ ಹಾಳೆಯನ್ನು ಸುಮಾರು ಅರ್ಧ ವರ್ಷ ತಿರುಗಿ ನೋಡುವುದಿಲ್ಲ. ಮೊದಲ ಸಲ ಎರಡೇ ತಿಂಗಳಿಗೆ ತೆಗೆದೆ. ಎಲ್ಲ ಹಸಿಹಸಿ, ಓದಿದರೆ ಅಳು ಬರುತ್ತಿತ್ತು, ಸಾಲು ಬರುತ್ತಿರಲಿಲ್ಲ. ಒಂದೂವರೆ ವರ್ಷ ಬಿಟ್ಟವು ಪೂರ್ತಿ ಸಪ್ಪೆ. ದ್ರಾಕ್ಷಿ ಒಣಗಿ ಮಾಲು ಬರುವ ಬೇಸಿಗೆಯಲ್ಲಿ ನನಗೆ ಉಸಿರಾಡಲು ಬಿಡುವಿರುವುದಿಲ್ಲ. ಹಾಗಾಗಿ ಶ್ರಾವಣದಲ್ಲಿ ತೆಗೆಯುವುದು ರೂಢಿಯಾಯಿತು. ಆಗ ಖಾತೆಗೆ ಏರಿಸುತ್ತೇನೆ: ಅವ್ವ, ಅಣ್ಣ, ಅಂಗಡಿ, ಮನೆಯಾಕೆ. ಹತ್ತು ಹಾಳೆಗೆ ಒಂದು ಸಾಲು ಏರಿದರೆ ಒಳ್ಳೆಯ ಫಸಲು. ಯಾವ ಸಾಲು ಏರಬೇಕು ಅಂತ ಗುರುತಿಸಲು ನನ್ನದೊಂದು ಪರೀಕ್ಷೆ ಇದೆ. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಅವ್ವ ಅದರಲ್ಲಿ ಪಾಲುದಾರಳು ಅಂತಷ್ಟೇ ಹೇಳುತ್ತೇನೆ.

ನಡುವೆ ತ್ರಿಪದಿ ಕಡೆ ತಿರುಗಿದೆ. ಹಲಸಂಗಿ ನಮ್ಮ ಜಿಲ್ಲೆಯದೇ. ಅಲ್ಲಿನ ಗೆಳೆಯರು ಹೆಂಗಸರ ಬಾಯಿಂದ ಕೇಳಿ ಬರೆದಿಟ್ಟ ಹಾಡುಗಳನ್ನು ಮತ್ತೆ ಓದಿದೆ. ಬೀಸುವ ಕಲ್ಲಿನ ಮುಂದೆ ಹಾಡುವ ಹೆಣ್ಣುಮಗಳು ತನ್ನ ನೋವಿಗೆ ಹೆಸರಿಡುವುದೇ ಇಲ್ಲ. ಕಲ್ಲು, ತವರು, ಅಣ್ಣನ ದಾರಿ ಇಷ್ಟರಲ್ಲೇ ಮುಗಿಸುತ್ತಾಳೆ. ನನ್ನ ಕೀರ್ದಿಯ ಸಾಲುಗಳನ್ನು ತ್ರಿಪದಿಯ ಹನ್ನೊಂದು ಗಣದೊಳಗೆ, ಅಂದರೆ ಸಾಲನ್ನು ಅಳೆಯುವ ತುಂಡುಗಳೊಳಗೆ, ಕೂರಿಸಿ ನೋಡಿದೆ. ಆರು ಮತ್ತು ಹತ್ತನೇ ಗಣ ಸಣ್ಣದಾಗುವ ಜಾಗದಲ್ಲಿ ಹೆಚ್ಚಿನ ಮಾತೆಲ್ಲ ತಾನೇ ಉದುರುತ್ತದೆ. ಹೀಗೆ ಬಂದದ್ದು:

ನಡುರಾತ್ರಿ ಎದ್ದೆದ್ದು ಅವ್ವನ್ನ ಹೊರಳೀಸಿ
ದಿಂಬಿಟ್ಟ ಕೈಗೆ ನಿದ್ದಿಲ್ಲ | ಅಣ್ಣಯ್ಯ
ನಾಳೀನ ಪಾಳಿ ನಿನದಯ್ಯ

'ಒಡ್ಡು' ಬರೆದವನಿಂದ ಇದು ಆಗುತ್ತಿರಲಿಲ್ಲ. ನನಗೆ ಇದರ ಬಗ್ಗೆ ಹೆಮ್ಮೆ ಇದೆ. ಮೊಹರಂ ಹೊತ್ತಿಗೆ ನಮ್ಮೂರಿನ ರಿವಾಯತ (ಮೊಹರಂ ಹಾಡಿನ) ಮೇಳಕ್ಕೂ ಒಂದು ಪದ ಕಟ್ಟಿಕೊಟ್ಟೆ. ಹೆಜ್ಜೆಗೆ ಸಾಲು ಉದ್ದವಾಯಿತು ಅಂತ ಹಾಡುವವರು ಅರ್ಧ ಕತ್ತರಿಸಿದರು. ಉಳಿದರ್ಧ ಕಳೆದ ವರ್ಷವೂ ಹಾಡಿದ್ದಾರೆ. ಆ ದಾರಿಯಲ್ಲಿ ಇನ್ನೂ ಸ್ವಲ್ಪ ಹೋಗುವ ಆಸೆ ಇದೆ.

ದುಡ್ಡಿನ ಲೆಕ್ಕವನ್ನೂ ಹೇಳುತ್ತೇನೆ. ಮೊದಲ ಸಂಕಲನ ಐದುನೂರು ಪ್ರತಿ ಹಾಕಿಸಿದ್ದೆ, ನಲವತ್ತು ಸಾವಿರದ ಹತ್ತಿರ ಹೋಯಿತು. ಬೇರೆ ಊರಿನ ಮಾರಾಟಗಾರರೊಬ್ಬರು ಇನ್ನೂರು ಪ್ರತಿ ಒಯ್ದರು. ಇವತ್ತಿಗೂ ಒಂದು ರೂಪಾಯಿ ಬಂದಿಲ್ಲ. ಈ ಸಲ ಮುನ್ನೂರೇ ಪ್ರತಿ, ಇಪ್ಪತ್ತೆಂಟು ಸಾವಿರದ ಖರ್ಚು. ಬೆಲೆ 120 ಇಟ್ಟೆ. ಮೊದಲೇ ಹಣ ಕೊಟ್ಟವರಿಗೆ ಮಾತ್ರ ಅಂತ ಹಟ ಹಿಡಿದೆ. ಅರ್ಧ ಹಣ ಅಚ್ಚಿಗೆ ಹೋಗುವ ಮುಂಚೆಯೇ ಕೈಗೆ ಬಂತು. ಮಾರ್ಕೆಟ್ಟಿನ ಹಮಾಲರು, ತಿಕೋಟಾ ಕಡೆಯ ರೈತರು ಸೇರಿ ಐವತ್ತಕ್ಕೂ ಜಾಸ್ತಿ ಪ್ರತಿ ಕೊಂಡಿದ್ದಾರೆ. ಕೊನೆಗೆ ಉಳಿದದ್ದು ನಾಲ್ಕೈದು ಸಾವಿರ. ಅವ್ವನಿಗೆ ಗಾಳಿ ಹಾಸಿಗೆ ತಂದೆ.

ಈಗ 'ಒಡ್ಡು' ಮತ್ತೆ ಓದುತ್ತೇನೆ. ಅದರ ಹಿಂದೆಯೇ ಈ ತ್ರಿಪದಿ ಹೇಳುತ್ತೇನೆ, ನಡುವೆ ಏನೂ ವಿವರಣೆ ಕೊಡುವುದಿಲ್ಲ. ಸಿಂದಗಿ ಕಡೆಯ ಒಂದು ಗೋಷ್ಠಿಗೆ ಅಣ್ಣನೂ ಬಂದಿದ್ದ. ಎರಡನ್ನೂ ಕೇಳಿದ. ಬಸ್ಸಿನಲ್ಲಿ ಬರುವಾಗ ಅಂದ, "ಮೊದಲಿನ್ದು ಬಿಡಬ್ಯಾಡ. ಅದೂ ಖರೇನ ಐತಿ."

ಇದನ್ನು ಶುರು ಮಾಡುವವರಿಗೆ ಒಂದು ಮಾತು. ಕೀರ್ದಿಯನ್ನು ಮನೆಯವರ ಕಣ್ಣಿಗೆ ಬೀಳುವ ಕಡೆಯೇ ಇಡಿ. ನಾನು ಕಪಾಟಿನಲ್ಲಿ ಮುಚ್ಚಿಟ್ಟಿದ್ದಷ್ಟು ದಿನ ಬರೆದದ್ದು ದೂರುಗಳೇ. ಮನೆಯಾಕೆ ಓದಬಹುದು ಅಂತಾದ ಮೇಲೆ ಬರೆದದ್ದು ನಿಜವಾಯಿತು. ಒಂದೆರಡು ಕಡೆ ಅವಳು ತಿದ್ದಿಯೂ ಇದ್ದಾಳೆ: ಹಾಲಿನ ದರ, ಒಂದು ತಾರೀಖು, ಮತ್ತೆ ಅವ್ವ ಆ ದಿನ ನಿಜವಾಗಿ ಅಂದ ಮಾತು.